ಅಕ್ರಾದಲ್ಲಿ ಗೋಡೆಯ ಹೊರಗೆ

ಟಿಕೆಟ್ ಸ್ಕ್ಯಾನ್ ಆಗಲಿಲ್ಲ. ಗೇಟಿನಲ್ಲಿದ್ದ ಹುಡುಗ ಎರಡು ಸಲ ನೋಡಿದ. ಮೂರನೇ ಸಲ ನನ್ನ ಮೊಬೈಲನ್ನು ತನ್ನ ಅಂಗಿಗೆ ಒರೆಸಿ ನೋಡಿದ. ಈ ಟಿಕೆಟ್ ಆಗಲೇ ಬಳಕೆಯಾಗಿದೆ ಅಂತ ಕೆಂಪಕ್ಷರ ಬಂತು. ನಾನು ದುಡ್ಡು ಕೊಟ್ಟ ಟಿಕೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಒಳಗೆ ಹೋಗಿ ಕುಣಿಯುತ್ತಿದ್ದರು.

"ಬಿಡೋ, ಹೊರಗೇ ಕೇಳಿಸುತ್ತೆ" ಅಂದರು ಭಾವ. ಅವರು ರಾಜಧಾನಿ ಅಕ್ರಾದ ಪಕ್ಕದ ತೇಮಾದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಂಡು ಆರು ವರ್ಷದಿಂದ ಘಾನಾದಲ್ಲಿದ್ದಾರೆ. ಯಾವುದಕ್ಕೂ ತಲೆ ಕೆಡಿಸಿಕೊಳ್ಳಲ್ಲ.

ಹೊರಗೆ ನೋಡಿದರೆ ಇನ್ನೊಂದು ಜಾತ್ರೆ. ಡಿಸೆಂಬರ್ ಬಂತೆಂದರೆ ಅಕ್ರಾಕ್ಕೆ ಲಂಡನ್, ನ್ಯೂಯಾರ್ಕ್, ಆಮ್‌ಸ್ಟರ್‌ಡಾಮ್‌ನಲ್ಲಿರುವ ಘಾನಾದವರೆಲ್ಲ ಬರುತ್ತಾರೆ. ಅಮೆರಿಕದ ಕರಿಯ ಜನರೂ ಬರುತ್ತಾರೆ. 2019ರಲ್ಲಿ ಸರ್ಕಾರ 'ಮರಳಿ ಬರುವ ವರ್ಷ' ಅಂತ ಕರೆ ಕೊಟ್ಟ ಮೇಲೆ ಇದು ಇನ್ನೂ ಜಾಸ್ತಿ ಆಯಿತು. ಈ ತಿಂಗಳಿಗೆ 'ಡೆಟ್ಟಿ ಡಿಸೆಂಬರ್' ಅಂತಲೇ ಹೆಸರು. ದಿನಕ್ಕೊಂದು ಸಂಗೀತ ಕಾರ್ಯಕ್ರಮ. ಟಿಕೆಟ್ ಬೆಲೆ ಮಾತ್ರ ಬಂದವರ ಜೇಬಿಗೆ ತಕ್ಕಂತೆ. ಊರಲ್ಲೇ ಇರುವವರು ಗೋಡೆಯ ಈಚೆ ಇರುತ್ತಾರೆ.

ಅಲ್ಲಿ ಒಬ್ಬಾಕೆ ಕೆಲೆವೆಲೆ ಕರಿಯುತ್ತಿದ್ದರು. ಹಣ್ಣಾದ ದೊಡ್ಡ ಬಾಳೆಯನ್ನು ತುಂಡು ಮಾಡಿ, ಶುಂಠಿ, ಮೆಣಸಿನಕಾಯಿ ಹಚ್ಚಿ ಎಣ್ಣೆಗೆ ಬಿಡುವುದು. ಸಸ್ಯಾಹಾರಿಗಳಿಗೆ ಅಕ್ರಾದಲ್ಲಿ ಅದೇ ದೇವರು. ಒಳಗೆ ಡೋಲಿನ ಪೆಟ್ಟು ಬದಲಾದಾಗೆಲ್ಲ ಆಕೆಯ ಜಾಲರಿ ಸೌಟಿನ ಲಯವೂ ಬದಲಾಗುತ್ತಿತ್ತು. ಬ್ಲ್ಯಾಕ್ ಷರೀಫ್ ಹಾಡಿರುವ 'ಕ್ವಾಕು ದ ಟ್ರಾವೆಲರ್' ಹಾಕಿದರು ನೋಡಿ, ಬೀದಿಗೆ ಬೀದಿಯೇ ಹಾಡತೊಡಗಿತು. ಕೊನೊಂಗೊ ಅನ್ನುವ ಸಣ್ಣ ಊರಿನ ಹುಡುಗ ಅವನು. 2022ರಲ್ಲಿ ಬಂದ ಹಾಡು. ಬದುಕಿನಲ್ಲಿ ತಪ್ಪು ಮಾಡಿದೆ, ಯಾರು ತಾನೇ ಮಾಡಿಲ್ಲ ಅನ್ನುವ ಧಾಟಿ. ಕುಣಿಸುವ ಹಾಡಲ್ಲ. ಆದರೂ ಕುಣಿಯುತ್ತಿದ್ದರು.

"ನೀನು ಹುಟ್ಟಿದ್ದು ಯಾವ ವಾರ?" ಕೆಲೆವೆಲೆಯಾಕೆ ಕೇಳಿದರು.

ಬುಧವಾರ ಅಂದೆ. ಅಮ್ಮ ಹತ್ತು ಸಲ ಹೇಳಿದ್ದರಿಂದ ಗೊತ್ತಿತ್ತು.

"ಹಾಗಾದರೆ ನೀನೇ ಕ್ವಾಕು" ಅಂತ ನಾಲ್ಕು ತುಂಡು ಜಾಸ್ತಿ ಹಾಕಿದರು. ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಒಂದು ಹೆಸರು. ಶುಕ್ರವಾರವಾದರೆ ಕೋಫಿ, ಶನಿವಾರವಾದರೆ ಕ್ವಾಮೆ. ಬುಧವಾರ ಹುಟ್ಟಿದ ಹೆಣ್ಣು ಅಕುವಾ. ಆ ರಾತ್ರಿಯಿಂದ ಊರು ಬಿಡುವವರೆಗೂ ನಾನು ಕ್ವಾಕು.

ಮಾರನೇ ದಿನ ಭಾವ ಕಾರು ಕೊಡುತ್ತೇನೆ ಅಂದರೂ ಟ್ರೋಟ್ರೋ ಹತ್ತಿದೆ. ಹಳೇ ವ್ಯಾನು, ನಡುವೆ ಮಡಚುವ ಸೀಟು, ಹಿಂದಿನ ಗಾಜಿನ ಮೇಲೆ ದೇವರ ಮಾತೋ ಗಾದೆಯೋ. ಕಂಡಕ್ಟರನಿಗೆ ಇಲ್ಲಿ 'ಮೇಟ್' ಅನ್ನುತ್ತಾರೆ. "ಸರ್ಕ್ ಸರ್ಕ್ ಸರ್ಕ್" ಅಂತ ಬಾಗಿಲಲ್ಲಿ ನೇತಾಡಿಕೊಂಡು ಕೂಗುತ್ತಿದ್ದ. ಅಂದರೆ ದೇಶದ ಮೊದಲ ಅಧ್ಯಕ್ಷನ ಹೆಸರಿನ ಕ್ವಾಮೆ ಎನ್‌ಕ್ರುಮಾ ಸರ್ಕಲ್. ಮೆಜೆಸ್ಟಿಕ್‌ನಲ್ಲಿ ಬಸ್ಸು ಹಿಡಿದು ಅಭ್ಯಾಸ ಇರುವವರಿಗೆ ಇದಕ್ಕೆ ಅನುವಾದ ಬೇಡ.

ರೇಡಿಯೊದಲ್ಲಿ ಡ್ಯಾಡಿ ಲುಂಬಾ. ಆತ ತೀರಿಕೊಂಡದ್ದು 2025ರ ಜುಲೈನಲ್ಲಿ. ನಾನು ಹೋದದ್ದು ಅದೇ ಡಿಸೆಂಬರಿನಲ್ಲಿ. ಐದು ತಿಂಗಳಾದರೂ ಎಲ್ಲಿ ಹೋದರೂ ಅವನದೇ ದನಿ. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿ ಕಣ್ಣು ಮುಚ್ಚಿ ಗುನುಗುತ್ತಿದ್ದರು. ಅವರ ಮುಂದೆ ಕೂತ ಕಾಲೇಜು ಹುಡುಗಿ ಕಿವಿಯಿಂದ ತನ್ನ ಇಯರ್‌ಫೋನ್ ತೆಗೆದು ಅದನ್ನೇ ಹಾಡುತ್ತಿದ್ದಳು. ಅಣ್ಣಾವ್ರ ಹಾಡು ಬಂದಾಗ ನಮ್ಮ ಬಸ್ಸಿನಲ್ಲಿ ಹೀಗಾಗುವುದನ್ನು ನೋಡಿದ್ದೇನೆ. ಬೇರೆಲ್ಲೂ ನೋಡಿರಲಿಲ್ಲ.

ಘಾನಾದವರ ಕುಣಿತದ ಸಂಗೀತಕ್ಕೆ ಹೈಲೈಫ್ ಅಂತ ಹೆಸರು. ಲುಂಬಾ ಹಾಡಿದ್ದಕ್ಕೆ 'ಬರ್ಗರ್ ಹೈಲೈಫ್' ಅನ್ನುತ್ತಾರೆ. ತಿನ್ನುವ ಬರ್ಗರ್ ಅಲ್ಲ, ಜರ್ಮನಿಯ ಹ್ಯಾಂಬರ್ಗ್. 1981ರ ಕೊನೇ ದಿನ ಸೇನೆಯ ರಾಲಿಂಗ್ಸ್ ಎರಡನೇ ಸಲ ಅಧಿಕಾರ ಹಿಡಿದ. ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ರಾತ್ರಿ ಕರ್ಫ್ಯೂ. ಕತ್ತಲಾದ ಮೇಲೆ ಹೊರಗೆ ಬರಬಾರದು ಅಂದರೆ ಹಾಡುವವನು ಹೊಟ್ಟೆಗೆ ಏನು ತಿನ್ನಬೇಕು? ಸಾಲದ್ದಕ್ಕೆ ಹೊರಗಿನಿಂದ ತರಿಸುವ ವಾದ್ಯಗಳ ಮೇಲೆ ಭಾರೀ ತೆರಿಗೆ. ದೊಡ್ಡ ದೊಡ್ಡ ಬ್ಯಾಂಡುಗಳೆಲ್ಲ ಚೆದುರಿದವು. ಕೆಲವರು ನೈಜೀರಿಯಾಕ್ಕೆ ಹೋದರು, ಕೆಲವರು ಜರ್ಮನಿಗೆ. ಅಲ್ಲಿ ಹದಿನೈದು ಜನರ ತಂಡ ಕಟ್ಟಲು ಯಾರ ಹತ್ತಿರ ದುಡ್ಡಿತ್ತು? ಸಿಂಥಸೈಜರ್, ಡ್ರಮ್ ಮಷೀನ್ ಇಟ್ಟುಕೊಂಡು ಹಾಡಿದರು. 1983ರಲ್ಲಿ ಜಾರ್ಜ್ ಡಾರ್ಕೊ ಅಲ್ಲಿಂದ ತಂದ 'ಅಕೋ ತೆ ಬ್ರೋಫೋ' ಘಾನಾದಲ್ಲಿ ಮನೆಮಾತಾಯಿತು. 'ಗಿಣಿಗೆ ಇಂಗ್ಲಿಷ್ ಗೊತ್ತು' ಅಂತ ಅದರ ಅರ್ಥ. ನನಗಂತೂ ಆ ಕಾಲದ ಸಿಂಥಸೈಜರ್ ಸದ್ದು ಸ್ವಲ್ಪ ತಗಡು ಅನಿಸುತ್ತದೆ. ಟ್ರೋಟ್ರೋದಲ್ಲಿ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಉಳಿದವರು ಚರ್ಚಿಗೆ ಹೋದರು. ಚರ್ಚುಗಳಿಗೆ ಆ ತೆರಿಗೆ ಇರಲಿಲ್ಲ, ಹಾಗಾಗಿ ಗಿಟಾರು, ಡ್ರಮ್ಮು ಎಲ್ಲ ಅಲ್ಲಿ ಸೇರಿದವು. ಭಾನುವಾರ ಬೆಳಿಗ್ಗೆ ತೇಮಾದಲ್ಲಿ ಅಕ್ಕನ ಮನೆಯ ಎದುರಿನ ಚರ್ಚಿನಿಂದ ಬಂದ ಸದ್ದಿಗೆ ಕಿಟಕಿ ಗಾಜು ಅದುರಿತು. ನಾಲ್ಕು ಗಂಟೆ ಹೊತ್ತು. ಅಕ್ಕ ಕುಕ್ಕರ್ ಕೂಗಿದ್ದು ಕೇಳಿಸದೆ ಬೇಳೆ ಸೀಯಿಸಿದಳು.

ಇನ್ನು ಸಾವಿನ ಮನೆ. ಕೊರೊನಾ ಕಾಲದಲ್ಲಿ ಶವಪೆಟ್ಟಿಗೆ ಹೊತ್ತು ಕುಣಿಯುವ ಘಾನಾದವರ ವಿಡಿಯೊ ನಮ್ಮ ಎಲ್ಲ ಗುಂಪಿಗೂ ಬಂದಿತ್ತು, ಅಲ್ವಾ? ಅದಕ್ಕೆ ಜೋಡಿಸಿದ ಸಂಗೀತ ರಷ್ಯಾದವನೊಬ್ಬನದು. ಘಾನಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಾನು ಶನಿವಾರ ನಿಜವಾದದ್ದನ್ನೇ ದೂರದಿಂದ ನೋಡಿದೆ. ಕೆಂಪು, ಕಪ್ಪು ಬಟ್ಟೆ ತೊಟ್ಟ ಜನ, ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಆಳೆತ್ತರದ ಸ್ಪೀಕರ್. ಊದುವ ವಾದ್ಯದವರು ನುಡಿಸುತ್ತಿದ್ದದ್ದು ಹೈಲೈಫ್. ಅಳುವವರು ಅಳುತ್ತಿದ್ದರು, ಕುಣಿಯುವವರು ಕುಣಿಯುತ್ತಿದ್ದರು. ಕೆಲವರು ಎರಡೂ ಮಾಡುತ್ತಿದ್ದರು.

ಜೇಮ್ಸ್‌ಟೌನ್ ಅಕ್ರಾದ ಹಳೇ ಭಾಗ. ದೀಪಸ್ತಂಭ, ಮೀನುಗಾರರ ದೋಣಿ, ಇಕ್ಕಟ್ಟಿನ ಓಣಿ. ಅದಕ್ಕೆ ಅಂಟಿಕೊಂಡಂತೆ ಬುಕೊಮ್. ಗಾ ಜನರ ಈ ಕೇರಿ ಮುಷ್ಟಿಯುದ್ಧದವರಿಗೆ ಹೆಸರುವಾಸಿ. 1960ರ ದಶಕದಲ್ಲಿ ಇಲ್ಲಿಯ ಹುಡುಗರು 'ಪಾನ್‌ಲೊಗೊ' ಅನ್ನುವ ಹೊಸ ಡೋಲಿನ ಕುಣಿತ ಕಟ್ಟಿದರು. ಸೊಂಟ ಜಾಸ್ತಿ ಅಲುಗುತ್ತೆ, ಅಸಹ್ಯ ಅಂತ ಹಿರಿಯರ ತಕರಾರು. ಕೊನೆಗೆ ಬ್ಲ್ಯಾಕ್ ಸ್ಟಾರ್ ಚೌಕದಲ್ಲಿ ಎನ್‌ಕ್ರುಮಾ ಎದುರೇ ಕುಣಿದು ತೋರಿಸಿದರು. ಆತ ಒಪ್ಪಿದ ಮೇಲೆ ಎಲ್ಲರ ಬಾಯಿ ಮುಚ್ಚಿತು.

ಅದೇ ಕಡಲ ದಂಡೆಯ ಕೇರಿಗಳಿಂದ ಬಂದದ್ದು ಅಜೊಂಟೊ. 2011-12ರಲ್ಲಿ ಯೂಟ್ಯೂಬಿನಲ್ಲಿ ಹಬ್ಬಿ ಲಂಡನ್ನಿಗೂ ಮುಟ್ಟಿತು. ಓಣಿಯಲ್ಲಿ ಎಂಟು ಹತ್ತು ವರ್ಷದ ಮಕ್ಕಳು ನನಗೆ ಕಲಿಸಲು ನೋಡಿದರು. ಬಟ್ಟೆ ಒಗೆಯುವುದು, ಇಸ್ತ್ರಿ ಹಾಕುವುದು, ಗಾಡಿ ಓಡಿಸುವುದು, ಗುದ್ದುವುದು. ಎಲ್ಲವೂ ದಿನದ ಕೆಲಸವೇ, ಅದನ್ನೇ ಕೈಯಲ್ಲಿ ಅಭಿನಯಿಸುತ್ತ ಕಾಲು ತಿರುವಬೇಕು. ನಾನು ಒಗೆದ ಬಟ್ಟೆ ನೋಡಿ ಒಬ್ಬಳು ಹುಡುಗಿ ನೆಲಕ್ಕೆ ಬಿದ್ದು ನಕ್ಕಳು.

ಕೇಪ್ ಕೋಸ್ಟ್‌ಗೆ ಅಕ್ರಾದಿಂದ ಪಶ್ಚಿಮಕ್ಕೆ ಸುಮಾರು 145 ಕಿಲೋಮೀಟರ್. ಹಾರ್ಮಟನ್ ಗಾಳಿಯ ಧೂಳಿಗೆ ಸೂರ್ಯ ಹಾಲಿನ ಕೆನೆಯಂತೆ ಕಾಣುತ್ತಿದ್ದ. ಕೋಟೆಯಲ್ಲಿ ಗುಲಾಮರನ್ನು ಕೂಡಿಟ್ಟ ನೆಲಮಾಳಿಗೆಗೆ ಇಳಿದೆವು. ಮೇಲೆ ಗೋಡೆಯಲ್ಲಿ ಅಂಗೈಯಗಲದ ಗಾಳಿಕಿಂಡಿ. ಗೈಡ್ ದೀಪ ಆರಿಸಿದ. ಯಾರೂ ಮಾತಾಡಲಿಲ್ಲ. ಅದರ ಮೇಲಿನ ಮಹಡಿಯಲ್ಲೇ ಆಗ ಬ್ರಿಟಿಷರ ಪ್ರಾರ್ಥನಾ ಕೋಣೆ ಇತ್ತು.

ಈ ಸಂಗೀತದ ಒಂದು ಬೇರು ಇಂಥದೇ ಕೋಟೆಗಳಲ್ಲಿದೆ. 1870ರ ದಶಕದಲ್ಲಿ ಬ್ರಿಟಿಷರು ಅಸಾಂಟೆ ರಾಜ್ಯದ ಅರಸರ ಮೇಲೆ ಯುದ್ಧಕ್ಕೆ ವೆಸ್ಟ್ ಇಂಡೀಸ್‌ನಿಂದ ಕರಿಯ ಸೈನಿಕರನ್ನು ತಂದರು. ಗುಲಾಮರಾಗಿ ಸಾಗರ ದಾಟಿದವರ ಮೊಮ್ಮಕ್ಕಳು ಸಿಪಾಯಿಗಳಾಗಿ ಅದೇ ದಂಡೆಗೆ ಬಂದರು. ಬಿಡುವಿದ್ದಾಗ ತಮ್ಮ ದ್ವೀಪದ ಹಾಡುಗಳನ್ನು ಊದುತ್ತಿದ್ದರು. ಊರಿನವರು ಬಿಳಿಯರ ಮಾರ್ಚಿಂಗ್ ಟ್ಯೂನನ್ನು ಎಷ್ಟೋ ವರ್ಷ ಕೇಳಿದ್ದರು, ನುಡಿಸಿಯೂ ಇದ್ದರು. ಇದನ್ನು ಕೇಳಿದ ಮೇಲೆ ತಮ್ಮದೇ 'ಅದಾಹಾ' ಅನ್ನುವ ಬ್ಯಾಂಡ್ ಸಂಗೀತ ಕಟ್ಟಿದರು. ಇನ್ನೊಂದು ಬೇರು ಗಿಟಾರಿನದು. ಲೈಬೀರಿಯಾದ ಕ್ರೂ ನಾವಿಕರು ಹೆಬ್ಬೆರಳು, ತೋರುಬೆರಳಲ್ಲಿ ಮೀಟುವ ವರಸೆಯನ್ನು ಬಂದರಿಂದ ಬಂದರಿಗೆ ಹೊತ್ತು ತಂದರು. 1928ರಲ್ಲಿ ಕುಮಾಸಿ ಟ್ರಯೊ ಲಂಡನ್ನಿಗೆ ಹೋಗಿ 'ಯಾ ಅಂಪೋನ್ಸಾ' ಹಾಡನ್ನು ಮುದ್ರಿಸಿತು. ಅದರ ಗಿಟಾರ್ ವರಸೆ ಇವತ್ತಿಗೂ ಎಲ್ಲ ಕಡೆ ಇಣುಕುತ್ತದೆ.

ಹೈಲೈಫ್ ಅನ್ನುವ ಹೆಸರು ಬಂದ ಕಥೆಯನ್ನು ಭಾವ ವಾಪಸ್ ಬರುವಾಗ ಕಾರಿನಲ್ಲಿ ಹೇಳಿದರು. 1920ರ ದಶಕದಲ್ಲಿ ಕಡಲತಡಿಯ ಊರುಗಳಲ್ಲಿ ಕ್ಲಬ್ಬುಗಳಿದ್ದವು. ಓದಿದವರು, ವಕೀಲರು ಟೋಪಿ, ಕೋಟು ಹಾಕಿಕೊಂಡು ಹೆಂಡತಿಯರ ಜೊತೆ ಒಳಗೆ ಕುಣಿಯುತ್ತಿದ್ದರು. ಬಾಡಿಗೆ ಬ್ಯಾಂಡಿನವರು ನಡುನಡುವೆ ಬೀದಿಯ ಧಾಟಿಗಳನ್ನೂ ನುಡಿಸುತ್ತಿದ್ದರು. ಒಳಗೆ ಹೋಗಲು ದುಡ್ಡಿಲ್ಲದವರು ಹೊರಗೆ ನಿಂತು ನೋಡುತ್ತಿದ್ದರು. ತಮ್ಮದೇ ಹಾಡು, ಅಲ್ಲಿ ದೊಡ್ಡ ಜನ ಕುಣಿಯುವುದು. ಅದಕ್ಕೇ ಅವರು 'ಹೈ ಲೈಫ್' ಅಂತ ಹೆಸರಿಟ್ಟರಂತೆ.

"ಅಂದರೆ ನಿನ್ನ ಟಿಕೆಟ್ ಸರಿಯಾದ ಕಡೆಗೇ ಇತ್ತು" ಅಂತ ನಕ್ಕರು ಭಾವ. ಆ ದುಡ್ಡು ಇನ್ನೂ ವಾಪಸ್ ಬಂದಿಲ್ಲ.

ಹೊರಡುವ ದಿನದ ಟ್ಯಾಕ್ಸಿಯವರಿಗೆ ಅರವತ್ತು ದಾಟಿರಬೇಕು. ಕಾರಿನಲ್ಲಿ ತುತ್ತೂರಿಯ ಇ.ಟಿ. ಮೆನ್ಸಾನ ಹಾಡು. 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾದಾಗ ಈತನ ಟೆಂಪೋಸ್ ತಂಡದ ಹಾಡೇ ಎಲ್ಲೆಡೆ ಮೊಳಗಿದ್ದು. ಅದರ ಹಿಂದಿನ ವರ್ಷ ಅಮೆರಿಕದ ಜಾಝ್ ತುತ್ತೂರಿಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಅಕ್ರಾಕ್ಕೆ ಬಂದು ಈತನ ಜೊತೆ ನುಡಿಸಿದ್ದ. ಕಸುಬಿನಲ್ಲಿ ಮೆನ್ಸಾ ಔಷಧ ಅಂಗಡಿಯವನು.

"ನೀನು ಇಂಡಿಯಾನಾ? ನಮ್ಮ ಹೈಲೈಫ್‌ಗೆ ಮರ್ಯಾದೆ ಸಿಕ್ಕಿದ್ದು ನಿಮ್ಮೂರಲ್ಲೇ" ಅಂದರು ಟ್ಯಾಕ್ಸಿಯವರು. ನಿಜ. ಅದೇ ತಿಂಗಳು ದೆಹಲಿಯ ಕೆಂಪುಕೋಟೆಯಲ್ಲಿ ನಡೆದ ಯುನೆಸ್ಕೊ ಸಭೆಯಲ್ಲಿ ಹೈಲೈಫ್ ಪರಂಪರೆಯ ಪಟ್ಟಿಗೆ ಸೇರಿತ್ತು. ನಮ್ಮ ದೀಪಾವಳಿ ಸೇರಿದ್ದೂ ಅದೇ ಸಭೆಯಲ್ಲಿ. ನಮ್ಮಲ್ಲಿ ದೀಪಾವಳಿಯದಷ್ಟೇ ಸುದ್ದಿಯಾಯಿತು, ಅವರಲ್ಲಿ ಹೈಲೈಫ್‌ನದಷ್ಟೇ.

ವಿಮಾನ ನಿಲ್ದಾಣದ ಮುಂದೆ ಕಾರು ನಿಂತಿತು. ನಾನು ಬಾಗಿಲಿಗೆ ಕೈ ಹಾಕಿದೆ.

"ಕೂತ್ಕೋ ಕ್ವಾಕು, ತುತ್ತೂರಿ ಇನ್ನೂ ಬಂದಿಲ್ಲ" ಅಂದರು.

ಹಿಂದಿನ ಗಾಡಿಗಳು ಹಾರನ್ ಹೊಡೆಯುತ್ತಿದ್ದವು. ತುತ್ತೂರಿ ಬಂತು, ಹೋಯಿತು. ಆಮೇಲೆ ಇಳಿದು ಡಿಕ್ಕಿ ತೆಗೆದರು.