ಆ ಡ್ರಮ್ಮಿನಲ್ಲಿ ಮೊದಲು ಏನಿತ್ತು?

ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಏನಿಲ್ಲ ಹೇಳಿ. ಖಾಲಿ ಗೊಬ್ಬರದ ಚೀಲ, ತಳ ಹೋದ ಕೊಡಪಾನ, ತುಂಡಾದ ಡ್ರಿಪ್ ಪೈಪು, ಸವೆದ ಟೈರು. ಅಮ್ಮ ಯಾವುದನ್ನೂ ಎಸೆಯಲು ಬಿಡುವುದಿಲ್ಲ. "ಇರಲಿ, ಯಾವುದಕ್ಕಾದರೂ ಬೇಕಾಗ್ತದೆ" ಅನ್ನುತ್ತಾಳೆ. ಬೇಕಾಗುವುದೂ ನಿಜ. ಮೊನ್ನೆ ಬಕೆಟಿನ ಹಿಡಿ ಒಡೆದಾಗ ಗೇಣುದ್ದ ಡ್ರಿಪ್ ಪೈಪನ್ನು ಅದರ ತಂತಿಗೆ ಪೋಣಿಸಿದೆ, ಈಗ ಎಷ್ಟು ಭಾರ ಎತ್ತಿದರೂ ಕೈ ಕೊರೆಯುವುದಿಲ್ಲ. ಅದೇ ಪೈಪನ್ನು ಉದ್ದಕ್ಕೆ ಸೀಳಿದರೆ ಗರಗಸದ ಹಲ್ಲಿಗೆ ಒಳ್ಳೆ ಹೊದಿಕೆ. ಗೊಬ್ಬರದ ಚೀಲ ಮಾತ್ರ ನೆರಳಲ್ಲೇ ಇಡಬೇಕು. ಬಿಸಿಲಿಗೆ ಬಿಟ್ಟರೆ ಎಳೆ ಎಳೆಯಾಗಿ ಉದುರಿ ಮಣ್ಣಿಗೆ ಸೇರುತ್ತದೆ, ಆಮೇಲೆ ಹೆಕ್ಕಿ ಮುಗಿಯುವುದಿಲ್ಲ.

ಆದರೆ ಡ್ರಮ್ಮು ಬೇರೆ ಲೆಕ್ಕ. ನಾಲ್ಕು ವರ್ಷದ ಹಿಂದೆ ಗುಜರಿಯಿಂದ 200 ಲೀಟರಿನ ನೀಲಿ ಡ್ರಮ್ ತಂದೆ. ಕಡಿಮೆಗೆ ಸಿಕ್ಕಿತು. ಸೋಪು ಹಾಕಿ ತಿಕ್ಕಿ, 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು ಹಾಕಿ ಜೀವಾಮೃತ ಕಲಸಿದೆ, ತೋಟಕ್ಕೆ ಹುಳಿಸಿ ಹಾಕುವ ನೀರುಗೊಬ್ಬರ ಅದು. ಮೂರು ದಿನವಾದರೂ ನೊರೆಯಿಲ್ಲ, ಹುಳಿ ವಾಸನೆಯಿಲ್ಲ. ಒಳಗೆ ಮೊದಲು ಏನು ತುಂಬಿದ್ದರೋ, ಮಾರಿದವರಿಗೂ ಗೊತ್ತಿರಲಿಲ್ಲ. ತೋಟಕ್ಕೆ ಹಾಕುವ ಧೈರ್ಯ ಬರಲಿಲ್ಲ. ಬೆಲ್ಲಕ್ಕಿಂತ ಜಾಸ್ತಿ ಆ ಸಗಣಿ ಹಾಳಾಯಿತಲ್ಲ ಅಂತ ಬೇಜಾರಾಯಿತು. ಮುಂದಿನ ಸಲ ಉಪ್ಪಿನಕಾಯಿ ಬಂದಿದ್ದ ಡ್ರಮ್ಮನ್ನೇ ಹುಡುಕಿ ತಂದೆ. ಇಂಗಿನ ವಾಸನೆ ಆರು ತಿಂಗಳು ಇತ್ತು, ಆದರೆ ಜೀವಾಮೃತ ಎರಡೇ ದಿನಕ್ಕೆ ಉಕ್ಕಿತು.

ಗಿಡಗಳ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕಂತೂ ಪ್ಲಾಸ್ಟಿಕ್ಕೇ ಬೇಕು. ಅಟ್ಟದಲ್ಲಿ ಹಳೆ ಎಣ್ಣೆ ಡಬ್ಬ ಇದೆಯಲ್ಲ ಅಂತ ಅದರಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟು) ಕರಗಿಸಲು ಹೋಗಬೇಡಿ, ಅದು ತಗಡನ್ನೇ ತಿನ್ನುತ್ತದೆ, ತಾಮ್ರವೆಲ್ಲ ಡಬ್ಬಕ್ಕೇ ಅಂಟಿಕೊಳ್ಳುತ್ತದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಕಲಸಿದ ಮೇಲೆ ನಾವು ಹೊಳೆಯುವ ಚಾಕು ಅದ್ದಿ ನೋಡುವುದೂ ಇದಕ್ಕೇ. ಚಾಕು ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ.

ಇನ್ನು ಕೀಟನಾಶಕದ ಬಾಟಲಿ. ಇದೊಂದನ್ನು ದಯವಿಟ್ಟು ಇಟ್ಟುಕೊಳ್ಳಬೇಡಿ. ಒಂದು ಮನೆಯಲ್ಲಿ ಅಂಥ ಬಾಟಲಿಯಲ್ಲಿ ಅಲಸಂದೆ ಬೀಜ ತುಂಬಿಟ್ಟಿದ್ದು ನೋಡಿ ನನಗೆ ಎದೆ ಝಲ್ ಅಂದಿತು, ಮಕ್ಕಳು ಓಡಾಡುವ ಮನೆ ಅದು. ಮುಚ್ಚಳ ಗಟ್ಟಿ ಇದೆ, ನಿಜ. ಆದರೆ ಎಷ್ಟು ತೊಳೆದರೂ ವಿಷ ಪೂರ್ತಿ ಹೋಗುವುದಿಲ್ಲ. ಮೂರು ಸಲ ತೊಳೆದು, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿದು, ಬಾಟಲಿಗೆ ತೂತು ಹೊಡೆದುಬಿಡಿ, ಮತ್ತೆ ಯಾರೂ ಏನೂ ತುಂಬಬಾರದು.

ಈಗ ನಮ್ಮ ಪ್ರತಿ ಡ್ರಮ್ಮಿನ ಮೇಲೂ ಪೇಂಟಿನಲ್ಲಿ ಬರೆದಿದ್ದೇನೆ, ಮೊದಲು ಏನಿತ್ತು, ಈಗ ಯಾವುದಕ್ಕೆ ಅಂತ. ಗುಜರಿಯಿಂದ ತಂದ ಆ ಮೊದಲಿನದನ್ನೂ ಅಮ್ಮ ಎಸೆಯಲು ಬಿಡಲಿಲ್ಲ. ಸೌದೆ ಮನೆಯಲ್ಲಿ ತೆಂಗಿನ ಸಿಪ್ಪೆ ತುಂಬಿಕೊಂಡು ನಿಂತಿದೆ, ಬಚ್ಚಲ ಒಲೆಗೆ.