ಮೊದಲು ಸಿಗ್ನಲ್, ಆಮೇಲೆ ಪ್ಲಾನ್, ಕೊನೆಗೆ ಫೋನು

ಕೊಪ್ಪ ತಾಲೂಕಿನ ಹಳ್ಳಿಮನೆಯಲ್ಲಿರುವ ಚಿಕ್ಕಮ್ಮನ ಕೀಪ್ಯಾಡ್ ಫೋನು ಆ ವರ್ಷದ ಮಳೆಗಾಲದಲ್ಲೇ ಕೈಕೊಟ್ಟಿತ್ತು. 2025ರ ದೀಪಾವಳಿ ಕಳೆದ ಮೇಲೆ ಪೇಟೆಗೆ ಹೋಗಿ ಹೊಸದು ತರುವುದೆಂದಾಯಿತು. ಅವರಿಗೆ ಬೇಕಾದದ್ದು ಇಷ್ಟೇ: ದಿನಕ್ಕೆ ನಾಲ್ಕೈದು ಕರೆ, ಬ್ಯಾಂಕಿನ ಮೆಸೇಜು, ಗೃಹಲಕ್ಷ್ಮಿ ದುಡ್ಡು ಬಿತ್ತೋ ಇಲ್ಲವೋ ನೋಡುವುದು, ಗ್ಯಾಸ್ ಬುಕ್ಕಿಂಗು, ಆಗೀಗ ಒಂದು ಒಟಿಪಿ. "ತೀಡುವ ಫೋನ್ ನಂಗೆ ಬೇಡ ಮಾರಾಯ, ಒತ್ತುವುದೇ ಇರಲಿ" ಎಂದು ಅವರೇ ಹೇಳಿಬಿಟ್ಟಿದ್ದರಿಂದ ಅರ್ಧ ಕೆಲಸ ಮುಗಿದಿತ್ತು.

ಸಾಮಾನ್ಯವಾಗಿ ಎಲ್ಲರೂ ಮೊದಲು ಅಂಗಡಿಗೆ ಹೋಗಿ ಫೋನು ಆರಿಸುತ್ತಾರೆ, ಆಮೇಲೆ ಸಿಮ್ಮು, ಕೊನೆಗೆ ರೀಚಾರ್ಜು. ಕಡಿಮೆ ಬಳಸುವವರು ಇದನ್ನು ತಿರುವುಮುರುವು ಮಾಡಬೇಕು. ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎನ್ನುವುದೇ ಮೊದಲ ಪ್ರಶ್ನೆ. ಅದು ಗೊತ್ತಾದರೆ ಪ್ಲಾನ್ ಯಾವುದೆಂದು ಗೊತ್ತಾಗುತ್ತದೆ, ಪ್ಲಾನ್ ಗೊತ್ತಾದರೆ ಎಂಥ ಫೋನು ಬೇಕೆಂಬುದೂ ತಾನಾಗಿ ತೀರ್ಮಾನವಾಗುತ್ತದೆ.

ಹಾಗಾಗಿ ಪೇಟೆಗೆ ಹೊರಡುವ ಮುನ್ನ ಮನೆಯಲ್ಲೇ ಸಿಗ್ನಲ್ ಅಳೆದದ್ದಾಯಿತು. ಫೋನಿನ ಪರದೆಯ ಮೇಲ್ತುದಿಯಲ್ಲಿ ಕಾಣುವ ಕಡ್ಡಿಗಳನ್ನು ನಂಬಬಾರದು. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಫೋನು ಒಂದೊಂದು ಥರ ತೋರಿಸುತ್ತದೆ. ಯಾರದಾದರೂ ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂದು ಒಳಹೊಕ್ಕರೆ ಸಿಗ್ನಲ್ ಸ್ಟ್ರೆಂತ್ ಎಂಬಲ್ಲಿ ಮೈನಸ್ ಚಿಹ್ನೆಯ ಜೊತೆ ಒಂದು ಸಂಖ್ಯೆ ಇರುತ್ತದೆ, ಡಿಬಿಎಂ ಲೆಕ್ಕದಲ್ಲಿ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ ಎಂದರ್ಥ. ಮೈನಸ್ 110 ದಾಟಿದರೆ ಮಾತು ಕಡಿಯತೊಡಗುತ್ತದೆ, 120ರ ಹತ್ತಿರ ಹೋದರೆ ಸಿಗ್ನಲ್ ಇಲ್ಲವೆಂದೇ ಲೆಕ್ಕ. ಚಿಕ್ಕಮ್ಮನ ಮನೆಯಲ್ಲಿ ಅವರದೇ ಕಂಪನಿಯ ಸಿಗ್ನಲ್ ಜಗಲಿಯಲ್ಲಿ ಮೈನಸ್ 94, ಅಡಿಗೆಮನೆಯಲ್ಲಿ 108. ಪಕ್ಕದ ಮನೆಯವರ ಬೇರೆ ಕಂಪನಿಯ ಸಿಮ್ಮು ಜಗಲಿಯಲ್ಲೇ 113 ತೋರಿಸಿತು. ಅಂದಮೇಲೆ ನಂಬರ್ ಪೋರ್ಟ್ ಮಾಡುವ, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸುವ, ಮಾತೇ ಇಲ್ಲ. ಅಳೆಯುವುದು ಅಂಗಳದಲ್ಲಿ ನಿಂತಲ್ಲ, ಅವರು ದಿನವೂ ಕೂರುವ, ಮಲಗುವ ಜಾಗದಲ್ಲಿ. ಮಲೆನಾಡಿನಲ್ಲಿ ಇನ್ನೊಂದನ್ನೂ ವಿಚಾರಿಸಬೇಕು: ಕರೆಂಟು ಹೋದ ಮೇಲೆ ಯಾವ ಟವರ್ ಎಷ್ಟು ಹೊತ್ತು ಉಳಿಯುತ್ತದೆ? ಬ್ಯಾಟರಿ ಇಳಿದೊಡನೆ ಸಾಯುವ ಟವರುಗಳು ಬೇಕಾದಷ್ಟಿವೆ. ಊರಿನವರಿಗೆ ಇದು ಬಾಯಿಪಾಠವಾಗಿರುತ್ತದೆ.

ಬಿಎಸ್‌ಎನ್‌ಎಲ್ ಬಗ್ಗೆ ಒಂದು ಮಾತು. ಅವರ ಸ್ವದೇಶಿ 4ಜಿಗೆ 2025ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಚಾಲನೆ ಸಿಕ್ಕಿತು. ಅದು ನಡೆಯುವ ತರಂಗಾಂತರಗಳಲ್ಲಿ ಒಂದು 700 ಮೆಗಾಹರ್ಟ್ಸಿನದು, ಬ್ಯಾಂಡ್ 28. ಕಾಡು, ಗೋಡೆ ದಾಟಿ ಬರುವ ತಾಕತ್ತು ಇದಕ್ಕೆ ಹೆಚ್ಚು. ಆದರೆ ಫೋನಿಗೆ ಬ್ಯಾಂಡ್ 28 ಗೊತ್ತಿಲ್ಲದಿದ್ದರೆ ಆ ಲಾಭ ಸಿಗುವುದಿಲ್ಲ. ಬಿಎಸ್‌ಎನ್‌ಎಲ್ ಸಿಮ್ ಹಾಕುವವರು ಫೋನು ಕೊಳ್ಳುವ ಮೊದಲು ಅದರ ವಿವರಗಳಲ್ಲಿ ಬಿ28 ಇದೆಯೇ ಎಂದು ನೋಡಲೇಬೇಕು.

ಇನ್ನು ಪ್ಲಾನ್. ದಶಕದ ಹಿಂದೆ ಹತ್ತು ರೂಪಾಯಿ ಹಾಕಿಸಿ ತಿಂಗಳು ತಳ್ಳಿದವರಿಗೆ ಈಗಿನ ಪದ್ಧತಿ ಕಷ್ಟ. ಡೇಟಾ ಮುಟ್ಟದಿದ್ದವರೂ ಡೇಟಾಕ್ಕೆ ದುಡ್ಡು ಕಟ್ಟಬೇಕಾಗಿತ್ತು. 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ತಿದ್ದಿ, ಕರೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಮೀಸಲಾದ ಒಂದಾದರೂ ಪ್ಯಾಕ್ ಕೊಡಲೇಬೇಕು ಎಂದಿತು. ಇಂಥ ವೋಚರುಗಳ ಗರಿಷ್ಠ ಅವಧಿಯನ್ನು 90 ದಿನದಿಂದ 365ಕ್ಕೆ ಏರಿಸಿತು. 2025ರ ಜನವರಿಯಲ್ಲಿ ಪ್ಯಾಕುಗಳು ಬಂದವು: ಏರ್‌ಟೆಲ್‌ನದು 84 ದಿನಕ್ಕೆ 469 ರೂಪಾಯಿ, 365 ದಿನಕ್ಕೆ 1849, ಜಿಯೋದ್ದು 84 ದಿನಕ್ಕೆ 448, 336 ದಿನಕ್ಕೆ 1748. ಕರೆಗೆ ಮಿತಿಯಿಲ್ಲ, ಡೇಟಾ ಇಲ್ಲ. ಹಿರಿಯರಿಗೆ ನಿಜಕ್ಕೂ ಉಪಕಾರವಾದ ನಿಯಮ ಇದು. ಆದರೆ ರೀಚಾರ್ಜ್ ಆ್ಯಪಿನಲ್ಲಿ ಈ ಪ್ಯಾಕು ಮೊದಲ ಪುಟದಲ್ಲೇ ಕಾಣುವುದು ಅಪರೂಪ, ಕೆಳಗೆ ಹುಡುಕಬೇಕು. ಅಂಗಡಿಯಲ್ಲಾದರೆ "ವಾಯ್ಸ್ ಓನ್ಲಿ ಪ್ಯಾಕ್" ಎಂದು ಹೆಸರು ಹಿಡಿದೇ ಕೇಳಿ. ಸುಮ್ಮನೆ "ಕಡಿಮೆಯದ್ದು ಹಾಕಿ" ಎಂದರೆ 28 ದಿನದ್ದು ಬೀಳುತ್ತದೆ.

28 ದಿನದ್ದು ಕಡಿಮೆಯಲ್ಲ. ತಿಂಗಳಿಗೊಂದು ಎಂದುಕೊಳ್ಳುತ್ತೇವೆ, ಆದರೆ ವರ್ಷಕ್ಕೆ 13 ಸಲ ಹಾಕಿಸಬೇಕು. 199ರ ಪ್ಯಾಕಾದರೆ ವರ್ಷಕ್ಕೆ 2587 ರೂಪಾಯಿ, ದಿನಕ್ಕೆ 7 ರೂಪಾಯಿ ಮೇಲೆ. 1849ರ ವಾರ್ಷಿಕ ಪ್ಯಾಕು ದಿನಕ್ಕೆ 5 ರೂಪಾಯಿ 7 ಪೈಸೆಗೆ ಬರುತ್ತದೆ, 84 ದಿನದ 469 ದಿನಕ್ಕೆ 5 ರೂಪಾಯಿ 58 ಪೈಸೆಗೆ. ಯಾವ ಪ್ಯಾಕೇ ಇರಲಿ, ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡಿ. ಬೆಲೆ ಮುಟ್ಟದೆ ದಿನ ಕಡಿತ ಮಾಡುವುದು ಈ ವ್ಯಾಪಾರದಲ್ಲಿ ಮಾಮೂಲು, ಭಾಗಿಸಿದರೆ ಅದು ಸಿಕ್ಕಿಬೀಳುತ್ತದೆ. ಹೊಸ ಕಂಪನಿಗೆ ಹೋಗುವವರು ಮಾತ್ರ ಮೊದಲ ಸಲವೇ ವರ್ಷದ್ದು ಹಾಕಿಸಬಾರದು. ಸಿಗ್ನಲ್ ಸರಿಹೋಗದೆ ಮತ್ತೆ ಪೋರ್ಟ್ ಮಾಡಿದರೆ ಉಳಿದ ದಿನಗಳು ಹೋದಂತೆಯೇ.

ಜಿಯೋಭಾರತ್ ಎಂಬ ಜಿಯೋ ಕಂಪನಿಯದೇ ಕೀಪ್ಯಾಡ್ ಫೋನಿಗೆಂದೇ ಇರುವ 123 ರೂಪಾಯಿಯ 28 ದಿನದ ಪ್ಲಾನ್ ಇನ್ನೂ ಅಗ್ಗ, ದಿನಕ್ಕೆ 4 ರೂಪಾಯಿ 40 ಪೈಸೆಯೊಳಗೆ. ಆದರೆ ಆ ಪ್ಲಾನ್ ಬೇರೆ ಫೋನಿಗೆ ಆಗುವುದಿಲ್ಲ, ಆ ಫೋನಿಗೆ ಬೇರೆ ಸಿಮ್ ಆಗುವುದಿಲ್ಲ. ಮನೆಯಲ್ಲಿ ಜಿಯೋ ಸಿಗ್ನಲ್ ಗಟ್ಟಿಯಿದ್ದವರಿಗೆ ಒಳ್ಳೆಯ ಆಯ್ಕೆ, ಉಳಿದವರಿಗಲ್ಲ.

ಅಂಗಡಿಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು 2ಜಿ ಕೀಪ್ಯಾಡೋ 4ಜಿ ಕೀಪ್ಯಾಡೋ ಎನ್ನುವುದು. 2ಜಿಯದು ಸಾವಿರ-ಸಾವಿರದೈನೂರಕ್ಕೆ ಸಿಗುತ್ತದೆ, ಚಾರ್ಜು ದಿನಗಟ್ಟಲೆ ನಿಲ್ಲುತ್ತದೆ. ಆದರೆ ಜಿಯೋಗೆ 2ಜಿ ಜಾಲವೇ ಇಲ್ಲ, ಹಾಗಾಗಿ ಆ ಸಿಮ್ಮು ಅದರಲ್ಲಿ ನಡೆಯದು. 4ಜಿಯದಕ್ಕೆ ಇನ್ನೂ ಸಾವಿರದಷ್ಟು ಹೆಚ್ಚು. ವೋಲ್ಟ್‌ಇ (4ಜಿ ಜಾಲದಲ್ಲೇ ಕರೆ ಸಾಗಿಸುವ ವ್ಯವಸ್ಥೆ) ಇರುವುದರಿಂದ ಮಾತು ಸ್ಪಷ್ಟ, ಮುಂದೆ 2ಜಿ ನಿಂತರೂ ಫೋನು ಉಳಿಯುತ್ತದೆ. ಚಿಕ್ಕಮ್ಮನಿಗೆ 4ಜಿಯದ್ದನ್ನೇ ಆರಿಸಿದ್ದು ಈ ಕಾರಣಕ್ಕೆ.

ಡಬ್ಬಿ ತೆರೆಸಿ, ಅವರ ಸಿಮ್ಮನ್ನೇ ಹಾಕಿಸಿ, ಅಂಗಡಿಯಲ್ಲೇ ಪರೀಕ್ಷಿಸಬೇಕು. ಇಲ್ಲಿ ಒಂದು ಎಚ್ಚರ. ಬಹಳಷ್ಟು ಕೀಪ್ಯಾಡ್ ಫೋನುಗಳಲ್ಲಿ ಸಿಮ್ ಜಾಗ ಹಳೆಯ ದೊಡ್ಡ ಅಳತೆಯದು. ನ್ಯಾನೋ ಸಿಮ್ಮನ್ನು ಬರಿದೇ ತುರುಕಿದರೆ, ಅಥವಾ ಸಡಿಲ ಅಡಾಪ್ಟರಿನಲ್ಲಿಟ್ಟು ತಳ್ಳಿದರೆ, ಹೊರಗೆಳೆಯುವಾಗ ಒಳಗಿನ ಸಣ್ಣ ಹಿತ್ತಾಳೆ ಬಣ್ಣದ ಕಡ್ಡಿಗಳು ಅಡಾಪ್ಟರಿನ ಅಂಚಿಗೆ ಸಿಕ್ಕಿ ಮೇಲೆದ್ದು ಮುರಿಯುತ್ತವೆ. ಅಲ್ಲಿಗೆ ಆ ಸ್ಲಾಟ್ ಮುಗಿಯಿತು. ಸಿಮ್ ಬಂದಿದ್ದ ಪ್ಲಾಸ್ಟಿಕ್ ಚೌಕಟ್ಟು ಇದ್ದರೆ ಅದರಲ್ಲೇ ಕೂರಿಸಿ ಹಾಕಿ. ಸಿಮ್ಮನ್ನೇ ಬದಲಿಸಿ ಹೊಸದು ತೆಗೆದುಕೊಳ್ಳುವುದಾದರೆ, ಮೊದಲ 24 ತಾಸು ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂಬುದು ನೆನಪಿರಲಿ. ವಂಚನೆ ತಡೆಯಲು ಮಾಡಿದ ನಿಯಮವದು. ಬ್ಯಾಂಕಿನ ಕೆಲಸವಿದ್ದ ದಿನ ಸಿಮ್ ಬದಲಿಸಬೇಡಿ.

ನೋಡಬೇಕಾದವು ಇನ್ನೂ ಇವೆ. ಆ ಫೋನಿಗೆ ಕನ್ನಡದಲ್ಲಿ ಒಂದು ಮೆಸೇಜು ಕಳಿಸಿ ನೋಡಿ: ಅಕ್ಷರದ ಬದಲು ಚೌಕಗಳು ಕಂಡರೆ ಆ ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲ. ಒಂದು ಕರೆ ಮಾಡಿ ರಸ್ತೆಯ ಗದ್ದಲದಲ್ಲೇ ಕಿವಿಗಿಟ್ಟು ಕೇಳಿ. ರಿಂಗಿನ ಸದ್ದು ಜೋರಿದ್ದ ಮಾತ್ರಕ್ಕೆ ಕಿವಿಯ ಸ್ಪೀಕರ್ ಜೋರಿರುವುದಿಲ್ಲ. ಬಟನ್ನುಗಳು ಉಬ್ಬಿರಬೇಕು, ಒಂದಕ್ಕೊಂದು ಅಂಟಿರಬಾರದು. ಬ್ಯಾಟರಿ ತೆಗೆದುಹಾಕುವಂಥದ್ದಿದ್ದರೆ ಎರಡು ವರ್ಷದ ನಂತರ ಅದೊಂದನ್ನೇ ಬದಲಿಸಬಹುದು. *#06# ಒತ್ತಿ ಬಂದ ಐಎಂಇಐ ಸಂಖ್ಯೆ (ಒಂದೊಂದು ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ಡಬ್ಬಿಯ ಮೇಲಿನದಕ್ಕೆ, ಬಿಲ್ಲಿನಲ್ಲಿರುವುದಕ್ಕೆ ತಾಳೆಯಾಗಬೇಕು. ಸೆಕೆಂಡ್‌ಹ್ಯಾಂಡ್ ಆದರೆ ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಕಳಿಸಿ. ಕದ್ದ ಮಾಲೆಂದು ಬ್ಲಾಕ್ ಆಗಿದ್ದರೆ ಉತ್ತರದಲ್ಲಿ ತಿಳಿಯುತ್ತದೆ.

ವಾಟ್ಸ್ಯಾಪ್ ವಿಡಿಯೋ ಕರೆಯಲ್ಲಿ ಮೊಮ್ಮಕ್ಕಳ ಮುಖ ನೋಡಲೇಬೇಕು ಎನ್ನುವವರಿಗೆ ಮಾತ್ರ ಸ್ಮಾರ್ಟ್‌ಫೋನ್. ಅದರಲ್ಲೂ ನಿಜವಾದ ರ್‍ಯಾಮ್ 4 ಜಿಬಿ, ಸ್ಟೋರೇಜ್ 64 ಜಿಬಿಗಿಂತ ಕೆಳಗಿಳಿಯಬೇಡಿ. ಡಬ್ಬಿಯ ಮೇಲೆ "8 ಜಿಬಿ" ಎಂದು ದಪ್ಪಕ್ಷರದಲ್ಲಿದ್ದು ಕೆಳಗೆ "4+4" ಎಂದಿದ್ದರೆ, ಎರಡನೆಯ ನಾಲ್ಕು ಸ್ಟೋರೇಜಿನಿಂದ ಎರವಲು ತಂದದ್ದು, ನಿಧಾನದ್ದು. ಮನೆಯಲ್ಲಿ ವೈಫೈ ಇದ್ದರೆ ವಾಯ್ಸ್ ಓನ್ಲಿ ಪ್ಯಾಕೇ ಸಾಕು, ಆದರೆ ಮೊಬೈಲ್ ಡೇಟಾ ಆಫ್ ಮಾಡಿಡಿ.

ಮನೆಗೆ ಬಂದ ಮೇಲಿನ ಕೆಲಸವನ್ನು ಯಾರೂ ಮಾಡಿಕೊಡುವುದಿಲ್ಲ, ಆದರೆ ಹಿರಿಯರಿಗೆ ಬೇಕಾದದ್ದು ಅದೇ. ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ವೋಲ್ಟ್‌ಇ ಆನ್, ಡೇಟಾ ಆಫ್. ಇಲ್ಲದಿದ್ದರೆ ನಡುವಿನ ಬಟನ್ ತಪ್ಪಿ ಒತ್ತಿದಾಗಲೆಲ್ಲ ಇಂಟರ್ನೆಟ್ ತೆರೆದು ಮುಖ್ಯ ಬ್ಯಾಲೆನ್ಸ್, ಅಂದರೆ ಪ್ಯಾಕ್ ಬಿಟ್ಟು ಬೇರೆಯಾಗಿ ಹಾಕಿಸಿದ ದುಡ್ಡು, ಸೋರುತ್ತದೆ. ಕೇಳದೆ ಯಾವುದಾದರೂ ಹಾಡು, ಜ್ಯೋತಿಷ್ಯದ ಸೇವೆ ಶುರುವಾಗಿ ದುಡ್ಡು ಹೋಗುತ್ತಿದ್ದರೆ 155223ಕ್ಕೆ ಕರೆ ಮಾಡಿ ನಿಲ್ಲಿಸಬಹುದು. ಸ್ಪೀಡ್ ಡಯಲ್‌ಗೆ ಹತ್ತಿರದವರ ನಂಬರ್ ಹಾಕುವಾಗ 5 ಮತ್ತು 9 ಬಿಟ್ಟುಬಿಡಿ. 2017ರಿಂದ ಮಾರಾಟವಾಗುವ ಕೀಪ್ಯಾಡ್ ಫೋನುಗಳಲ್ಲಿ ಇವೆರಡರಲ್ಲೊಂದನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕೆಂಬ ನಿಯಮವಿದೆ. ಯಾವುದೆಂದು ಆ ಫೋನಿನ ಕೈಪಿಡಿ ನೋಡಿ ಅವರಿಗೇ ತೋರಿಸಿಕೊಡಿ.

ಒಟಿಪಿ ಬರುತ್ತಿಲ್ಲ ಎಂಬ ದೂರಿಗೆ ಕೀಪ್ಯಾಡ್ ಫೋನಿನಲ್ಲಿ ಹಲವು ಸಲ ಕಾರಣ ನೆಟ್‌ವರ್ಕ್ ಅಲ್ಲ, ತುಂಬಿದ ಇನ್‌ಬಾಕ್ಸ್. ಕೆಲವು ನೂರು ಮೆಸೇಜಿಗೆ ಜಾಗ ಮುಗಿಯುತ್ತದೆ, ಆಮೇಲೆ ಹೊಸದು ಒಳಬರುವುದೇ ಇಲ್ಲ. ಜಾಹೀರಾತಿನ ಮೆಸೇಜುಗಳನ್ನು 1909ಕ್ಕೆ ಹೇಳಿ ತಡೆಸಿ, ಬಂದಿರುವುದನ್ನು ತಿಂಗಳಿಗೊಮ್ಮೆ ಯಾರಾದರೂ ಅಳಿಸಿಕೊಡಬೇಕು.

ಪ್ಯಾಕು ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಗಿದೊಡನೆ ಹೊರಹೋಗುವ ಕರೆ ನಿಲ್ಲುತ್ತದೆ, ಕೆಲ ದಿನಗಳಲ್ಲಿ ಒಳಬರುವುದೂ. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ನಂಬರೇ ಕಡಿದುಹೋಗಬಹುದು. ಮುಖ್ಯ ಬ್ಯಾಲೆನ್ಸಿನಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ, ಕಡಿದ ಮೇಲೂ 15 ದಿನದೊಳಗೆ ಮರಳಿ ಕೇಳಬಹುದು. ಆಮೇಲೆ ಆ ನಂಬರ್ ಬೇರೆಯವರಿಗೆ ಹೋಗುತ್ತದೆ. ಆಧಾರ್, ಬ್ಯಾಂಕ್, ಗ್ಯಾಸ್ ಎಲ್ಲದಕ್ಕೂ ಅದೇ ನಂಬರ್ ಕೊಟ್ಟಿರುವವರು ಪ್ಯಾಕಿನ ಜೊತೆಗೆ ಒಂದು ಸಣ್ಣ ಟಾಪ್‌ಅಪ್ ಬೇರೆಯಾಗಿ ಹಾಕಿಸಿಡುವುದು ಒಳ್ಳೆಯದು. ಪ್ಯಾಕಿನ ದುಡ್ಡು ಮುಖ್ಯ ಬ್ಯಾಲೆನ್ಸಿಗೆ ಸೇರುವುದಿಲ್ಲ.