ಕ್ವಾಯರ್ ರೆಕಾರ್ಡ್ ಮಾಡೋಕೆ ಕಂಡೆನ್ಸರ್ ಮೈಕ್: ಎರಡೇ ತಗೊಳ್ಳಿ, ಸ್ಟ್ಯಾಂಡ್ ಮಾತ್ರ ಎತ್ತರದ್ದು ತಗೊಳ್ಳಿ

ಚರ್ಚ್ ಕ್ವಾಯರ್ ನಡೆಸೋರು, ಶಾಲೇಲಿ ವೃಂದಗಾನ ಕಲಿಸೋ ಮೇಷ್ಟ್ರು, ಮೇಡಮ್ಮು ಯಾರೇ ಸಿಕ್ಕಿದ್ರೂ ಕೇಳೋದು ಒಂದೇ. "ಸರ್, ನಲವತ್ತು ಮಕ್ಳು ಹಾಡ್ತಾರೆ, ಎಷ್ಟು ಮೈಕ್ ಬೇಕಾಗತ್ತೆ?" ಎರಡು ಅಂದ್ರೆ ನಗ್ತಾರೆ. ಬಜೆಟ್ ಎಷ್ಟು ಅಂತ ವಾಪಸ್ ಕೇಳಿದ್ರೆ ಹದಿನೈದೋ ಇಪ್ಪತ್ತೋ ಸಾವಿರ ಅಂತಾರೆ, ಅದ್ರಲ್ಲಿ ಎಂಟು ಮೈಕ್ ಬರ್ಬೇಕು ಅನ್ನೋ ಆಸೆ ಬೇರೆ. ಎಂಟು ಕೆಟ್ಟ ಮೈಕ್ ಬರತ್ತೆ ಅಷ್ಟೆ.

ಇಲ್ಲಿ ನಾನು ಹೇಳ್ತಿರೋದು ರೆಕಾರ್ಡಿಂಗ್ ಬಗ್ಗೆ. ಸ್ಪೀಕರ್‌ನಲ್ಲಿ ಜನಕ್ಕೆ ಕೇಳಿಸೋದು ಬೇರೆ ಕತೆ, ಕೊನೇಲಿ ಹೇಳ್ತೀನಿ. ಕ್ವಾಯರ್‌ಗೆ ಹೇಳಿದ್ದೇ ಆರ್ಕೆಸ್ಟ್ರಾಗೂ ಆಗತ್ತೆ, ಆದ್ರೆ ಆರ್ಕೆಸ್ಟ್ರಾ ಅಂದ್ರೆ ಗಣೇಶನ ಹಬ್ಬದ ಆರ್ಕೆಸ್ಟ್ರಾ ಅಲ್ಲ, ವಯಲಿನ್ನು, ಸೆಲ್ಲೊ, ಇಲ್ಲಾಂದ್ರೆ ಆಕಾಶವಾಣಿಯವ್ರು 1952ರಲ್ಲಿ ಶುರು ಮಾಡಿದ ವಾದ್ಯವೃಂದದ ಥರದ್ದು, ಎಲ್ಲರೂ ಒಟ್ಟಿಗೆ ಕೂತು ನುಡಿಸೋದು.

ಕಡಿಮೆ ಮೈಕಲ್ಲಿ ಆಗಲ್ಲ ಅನ್ನೋರಿಗೆ ಒಂದು ಹಳೇ ಉದಾಹರಣೆ ಇದೆ. 1951ರಲ್ಲಿ ಅಮೆರಿಕದ ಮರ್ಕ್ಯುರಿ ಕಂಪನಿಯವ್ರು ಇಡೀ ಷಿಕಾಗೊ ಸಿಂಫನಿ ಆರ್ಕೆಸ್ಟ್ರಾನ ಒಂದೇ ಒಂದು ಯು47 ಮೈಕ್ ನೇತಾಕಿ ರೆಕಾರ್ಡ್ ಮಾಡಿದ್ರು, ಆ ರೆಕಾರ್ಡನ್ನ ಜನ ಈಗ್ಲೂ ಹುಡುಕ್ಕೊಂಡು ಕೇಳ್ತಾರೆ. ಆ ಮೈಕ್ ನಮ್ಮ ಬಜೆಟ್ಟಿಗೆ ಬರಲ್ಲ ಬಿಡಿ, ಆದ್ರೆ ಅದನ್ನ ಎಲ್ಲಿಗೆ ನೇತಾಕ್ಬೇಕು ಅಂತ ಅವ್ರು ತಲೆ ಕೆಡಿಸ್ಕೊಂಡ್ರಲ್ಲ, ಅದಕ್ಕೇನು ದುಡ್ಡು ಕೊಡ್ಬೇಕಾಗಿಲ್ಲ.

ಮೊದ್ಲು ಕಂಡೆನ್ಸರ್ರೇ ಯಾಕೆ? ಮೈಕ್‌ಸೆಟ್‌ನವ್ರ ಹತ್ರ ಇರೋ ಎಸ್‌ಎಂ58 ಡೈನಮಿಕ್ ಮೈಕು, ಅದರ ಡಯಾಫ್ರಂಗೆ, ಅಂದ್ರೆ ಶಬ್ದಕ್ಕೆ ಅಲ್ಲಾಡೋ ಪೊರೆಗೆ, ತಂತಿ ಸುರುಳಿ ಅಂಟ್ಕೊಂಡಿರತ್ತೆ, ಆ ಭಾರ ಅಲ್ಲಾಡ್ಬೇಕು ಅಂದ್ರೆ ಬಾಯಿ ಹತ್ರಾನೇ ಇರ್ಬೇಕು. ಕಂಡೆನ್ಸರ್‌ನಲ್ಲಿ ಬರೀ ತೆಳು ಪೊರೆ. ಲೆಕ್ಕದಲ್ಲಿ ಹೇಳ್ಬೇಕಂದ್ರೆ, ಅಷ್ಟೇ ಶಬ್ದಕ್ಕೆ ಎಸ್‌ಎಂ58 ಕೊಡೋದು 1.85 ಮಿಲಿವೋಲ್ಟ್, ರೋಡ್ ಕಂಪನಿಯ ಎನ್‌ಟಿ5 ಅನ್ನೋ ಕಂಡೆನ್ಸರ್ ಕೊಡೋದು 12 ಮಿಲಿವೋಲ್ಟ್. ಆರು ಪಟ್ಟು ಮೇಲೇ ಆಯ್ತು. ಹತ್ತಡಿ ದೂರ ಇಡ್ಬೇಕಾದ್ರೆ ಈ ವ್ಯತ್ಯಾಸಾನೇ ಎಲ್ಲಾ.

ಅಂಗಡೀಲಿ ಕಂಡೆನ್ಸರ್ ಅಂದ ತಕ್ಷಣ ದಪ್ಪ ಡಬ್ಬಿ ಥರದ ಸ್ಟುಡಿಯೋ ಮೈಕ್ ತೋರಿಸ್ತಾರೆ, ನೋಡೋಕೂ ಚೆನ್ನಾಗಿರತ್ತೆ. ಒಬ್ರೇ ಹಾಡೋಕೆ ಅದು ಸರಿ. ಗುಂಪಿಗೆ ಅದ್ಯಾಕೆ ಬೇಡ ಅಂದ್ರೆ ಅದರ ಡಯಾಫ್ರಂ 1 ಇಂಚು, ಎದುರುಗಡೆಯಿಂದ ಬರೋ ಶಬ್ದ ಚೆನ್ನಾಗಿ ತಗೊಳ್ಳತ್ತೆ, ಪಕ್ಕದಿಂದ ಬಂದ್ರೆ ಮೇಲಿನ ಫ್ರೀಕ್ವೆನ್ಸಿಗಳು ಮಂಕಾಗೋಗ್ತವೆ, ಮತ್ತೆ ಕ್ವಾಯರ್‌ನಲ್ಲಿ ಅರ್ಧ ಜನ ಪಕ್ಕದಲ್ಲೇ ನಿಂತಿರ್ತಾರಲ್ಲ. ಪೆನ್ಸಿಲ್ ಮೈಕ್ ಅಂತಾರಲ್ವಾ, ಅರ್ಧ ಇಂಚಿನ ಸಣ್ಣ ಡಯಾಫ್ರಂದು, ಅದ್ರಲ್ಲಿ ಈ ತೊಂದರೆ ತುಂಬಾ ಕಮ್ಮಿ. ಆನ್‌ಲೈನಲ್ಲಿ ಸಾವಿರ ರೂಪಾಯಿ ಆಸುಪಾಸಲ್ಲಿ ನಾನಾ ಹೆಸರಲ್ಲಿ ಸಿಗೋ ಬಿಎಂ-800 ಕಡೆ ಅಂತೂ ತಿರುಗೂ ನೋಡ್ಬೇಡಿ. ಮೊಬೈಲ್ ಜ್ಯಾಕಿನ ವೈರ್ ಜೊತೆ ಬರತ್ತೆ ಅದು, ಕಂಡೆನ್ಸರ್ ಮೈಕಿಗೆ ಕೇಬಲ್ಲಲ್ಲೇ ಕೊಡೋ 48 ವೋಲ್ಟ್ ಕರೆಂಟು, ಫ್ಯಾಂಟಮ್ ಪವರ್ ಅಂತಾರೆ, ಆ ವೈರಲ್ಲಿ ಬರೋದೇ ಇಲ್ಲ.

ಹಾಗಾದ್ರೆ ಯಾವ್ದು? ತೀರಾ ಕೈ ಬಿಗಿ ಅಂದ್ರೆ ಬೆಹ್ರಿಂಗರ್ ಸಿ-2, ಜೋಡೀನೇ ಸಿಗತ್ತೆ, ಎರಡೂ ಸೇರಿಸಿ ಕೂರ್ಸೋ ಸ್ಟೀರಿಯೋ ಬಾರ್ ಕೂಡ ಡಬ್ಬಿಯಲ್ಲೇ ಇರತ್ತೆ. ಸ್ವಲ್ಪ ಗರಗರ ಇದೆ, ಮೇಲಿನ ಸ್ವರ ಒಂಚೂರು ಚುಚ್ಚತ್ತೆ, ಆದ್ರೂ ಮೊಬೈಲ್ ರೆಕಾರ್ಡಿಂಗ್‌ಗಿಂತ ಎಷ್ಟೋ ಮೇಲು. ಅದಕ್ಕಿಂತ ಮೇಲೆ ರೋಡ್ ಎಂ5 ಜೋಡಿ, ನನ್ನ ಕೇಳಿದ್ರೆ ಶಾಲೆ, ಚರ್ಚ್‌ಗೆ ಇಲ್ಲಿಗೇ ನಿಲ್ಲಿಸ್ಬಹುದು. ಇನ್ನೂ ಕೈಲಾಗತ್ತೆ ಅಂದ್ರೆ ಎನ್‌ಟಿ5 ಅಥವಾ ಎಸ್‌ಇ8 ಜೋಡಿ. ನಾಯ್‌ಮನ್ ಕೆಎಂ184 ಜೋಡಿ ಲಕ್ಷದ ಮೇಲೆ ಹೋಗತ್ತೆ, ಅದರ ಮಾತು ಬೇಡ. ಯಾವ್ದೇ ಆದ್ರೂ ಮ್ಯಾಚ್ಡ್ ಪೇರ್ ಅಂತ ಕೇಳಿ ತಗೊಳ್ಳಿ, ಎರಡು ಮೈಕಿನ ಸ್ವಭಾವ ಬೇರೆ ಬೇರೆ ಆದ್ರೆ ಹೆಡ್‌ಫೋನ್ ಹಾಕ್ಕೊಂಡಾಗ ಕ್ವಾಯರ್ ಎಡಕ್ಕೋ ಬಲಕ್ಕೋ ವಾಲ್ಕೊಂಡಿರತ್ತೆ.

ಸ್ಪೆಸಿಫಿಕೇಷನ್ ಓದೋ ಹುಡುಗರು ಸೆಲ್ಫ್ ನಾಯ್ಸ್, ಅಂದ್ರೆ ಮೈಕ್ ತಾನೇ ಮಾಡೋ ಗರಗರ, ಅಂತ ತಲೆ ತಿಂತಾರೆ. ಎಂ5ದು 19 ಡೆಸಿಬೆಲ್, ಎನ್‌ಟಿ5ದು 16, ಎಸ್‌ಇ8ದು 13. ಸರಿನಪ್ಪ, ವ್ಯತ್ಯಾಸ ಇದೆ. ಆದ್ರೆ ನಮ್ಮ ಸಭಾಂಗಣದಲ್ಲಿ ಹತ್ತು ಫ್ಯಾನು ತಿರುಗ್ತಾ ಇರತ್ತೆ, ಹೊರಗೆ ಆಟೋ, ಪಕ್ಕದ ಬಿಲ್ಡಿಂಗಲ್ಲಿ ಟೈಲ್ಸ್ ಕಟಿಂಗು, ಅಲ್ಲಿ ಸುಮ್ನಿದ್ರೂ 40 ಡೆಸಿಬೆಲ್ ದಾಟಿರತ್ತೆ. ಮೂರು ಡೆಸಿಬೆಲ್‌ಗೋಸ್ಕರ ಹತ್ತಾರು ಸಾವಿರ ಜಾಸ್ತಿ ಕೊಡೋ ಬದ್ಲು ಫ್ಯಾನ್ ಆಫ್ ಮಾಡ್ಸಿ. ಬೆವರು ಸುರಿಯತ್ತೆ, ಮಕ್ಕಳ ಅಮ್ಮಂದಿರು ಬೈತಾರೆ, ಒಂದೊಂದು ಹಾಡಿಗೆ ಐದು ನಿಮಿಷ ಅಷ್ಟೆ, ಸಹಿಸ್ಕೊಳ್ಲಿ.

ಈಗ ಸ್ಟ್ಯಾಂಡ್ ವಿಷಯ, ನಾನು ಜಗಳ ಆಡೋದು ಇದಕ್ಕೇ. ಮೈಕನ್ನ ಮುಂದಿನ ಸಾಲಿಗೆ ಒಂದು ಮೀಟರ್ ದೂರದಲ್ಲಿ, ಮಕ್ಕಳ ಮುಖದ ಎತ್ತರಕ್ಕೆ ಇಟ್ರಿ ಅನ್ಕೊಳ್ಳಿ. ಹಿಂದಿನ ಸಾಲು ಅಲ್ಲಿಂದ ಮೂರು ಮೀಟರ್. ದೂರ ಮೂರು ಪಟ್ಟಾದ್ರೆ ಶಬ್ದ ಸುಮಾರು 9.5 ಡೆಸಿಬೆಲ್ ಇಳಿಯತ್ತೆ, ಅಂದ್ರೆ ಹಿಂದೆ ನಿಂತ ದೊಡ್ಡ ಹುಡುಗರು ಬಂದಿದ್ರೋ ಇಲ್ವೋ ಅನ್ನೋ ಹಾಗೆ, ಮುಂದೆ ನಿಂತ ಒಂದು ಮಗು ಮಾತ್ರ ಸೋಲೋ ಹಾಡ್ದಂಗೆ. ಅದೇ ಮೈಕನ್ನ ಹಿಂದಕ್ಕೆ ಎಳೆದು ಹತ್ತಡಿ ಎತ್ತರಕ್ಕೆ ಏರಿಸಿ, ಹಿಂದಿನ ಸಾಲಿನ ಕಡೆ ಬಗ್ಗಿಸಿ. ಈಗ ಮುಂದಿನವ್ರಿಗೆ ಮೂರು ಮೀಟರ್ ಇದ್ರೆ ಹಿಂದಿನವ್ರಿಗೆ ನಾಲ್ಕು, ವ್ಯತ್ಯಾಸ 2.5 ಡೆಸಿಬೆಲ್ಲೇ. ಹೊಸ ಮೈಕ್ ಇಲ್ಲ, ಮಿಕ್ಸರ್ ಇಲ್ಲ, ಬರೀ ಕಬ್ಬಿಣದ ಪೈಪು. ಅದಕ್ಕೇ ಸ್ಟ್ಯಾಂಡ್‌ಗೆ ದುಡ್ಡು ಎತ್ತಿಡಿ ಅನ್ನೋದು. ಕಾಲಿನ ಮೇಲೆ ಮರಳು ಚೀಲ ಹಾಕೋದು ಮರೀಬೇಡಿ, ಮಕ್ಕಳಿರೋ ಜಾಗ.

ಎರಡು ಮೈಕ್ ಹೆಂಗಿಡೋದು ಅಂತ ಕೇಳಿದ್ರೆ ನಾನು ಹೇಳೋದು ಓಆರ್‌ಟಿಎಫ್, ಫ್ರಾನ್ಸಿನ ರೇಡಿಯೋದವ್ರು ಮಾಡ್ಕೊಂಡ ಲೆಕ್ಕ. ಎರಡು ಮೈಕಿನ ತಲೆ ನಡುವೆ 17 ಸೆಂಟಿಮೀಟರ್, ಅಂದ್ರೆ ಒಂದು ಗೇಣಿಗೆ ಸ್ವಲ್ಪ ಕಮ್ಮಿ, ಎರಡೂ ಹೊರಕ್ಕೆ ಮುಖ ಮಾಡಿ ನಡುವೆ 110 ಡಿಗ್ರಿ ಕೋನ. ಮೈಸೂರಿನ ಫಿಲೋಮಿನಾ ಥರದ ಎತ್ತರದ ಚರ್ಚ್ ಆದ್ರೆ ಗುಂಯ್ ಅನ್ನೋದು ಜಾಸ್ತಿ, ಸ್ಟ್ಯಾಂಡನ್ನ ಸ್ವಲ್ಪ ಮುಂದೆ ತನ್ನಿ. ಕರ್ಟನ್, ಕುಶನ್ ಕುರ್ಚಿ ತುಂಬಿದ ಹಾಲ್ ಆದ್ರೆ ಹಿಂದಕ್ಕೆ ಹೋಗಿ. ಇಷ್ಟಕ್ಕೆ ಸೂತ್ರ ಇಲ್ಲ, ಹೆಡ್‌ಫೋನ್ ಹಾಕ್ಕೊಂಡು ಒಂದೊಂದಡಿ ಸರ್ಸಿ ಕೇಳೋದೇ.

ವೃಂದಗಾನಕ್ಕೆ ಹಾರ್ಮೋನಿಯಂ, ತಬಲ ಇದ್ರೆ ಅವನ್ನ ಮೈಕ್ ಕೆಳಗೇ ಕೂರಿಸ್ತಾರೆ ನೋಡಿ, ಅದೊಂದು ಬೇಡ, ಬದಿಗೆ ಸರಿಸಿ. ವಾದ್ಯವೃಂದದಲ್ಲಿ ಕಷ್ಟ ಆಗೋದು ವೀಣೆಗೆ, ಮೃದಂಗ ಶುರುವಾದ್ರೆ ಅದು ಕೇಳ್ಸೋದೇ ಇಲ್ಲ. ಅದಕ್ಕೊಂದು ಮೂರನೇ ಮೈಕ್ ಹತ್ರ ಇಟ್ಟು ಆಮೇಲೆ ಎಷ್ಟು ಬೇಕೋ ಅಷ್ಟೇ ಬೆರೆಸಿ.

ಎರಡು ಮೈಕ್ ಹಾಕೋಕೆ ಜೂಮ್ ಎಚ್5 ಥರದ ರೆಕಾರ್ಡರ್ ಇದ್ರೆ ಲ್ಯಾಪ್‌ಟಾಪೂ ಬೇಡ, ಇಲ್ಲಾಂದ್ರೆ ಮೈಕನ್ನ ಲ್ಯಾಪ್‌ಟಾಪಿಗೆ ಸೇರಿಸೋ ಸ್ಕಾರ್ಲೆಟ್ 2ಐ2 ಡಬ್ಬಿ, ಎರಡರಲ್ಲೂ 48 ವೋಲ್ಟ್ ಇದೆ. ಮಂಗಳೂರು, ಉಡುಪಿ ಕಡೆಯವ್ರಿಗೆ ಇನ್ನೊಂದು ಮಾತು, ಮಳೆಗಾಲದಲ್ಲಿ ತೇವ ಕೂತು ಕಂಡೆನ್ಸರ್ ಮೈಕ್ ಪಟಪಟ ಅನ್ನೋಕೆ ಶುರು ಮಾಡತ್ತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬೀಲಿ ಸಿಲಿಕಾ ಜೆಲ್ ಹಾಕಿ ಇಡಿ. ಸ್ಟೀಲ್ ಬೀರುಲಿ ಬಟ್ಟೆ ಸುತ್ತಿ ಇಡೋದು ಮೈಕಿಗೆ ಮಾಡೋ ಉಪಕಾರ ಅಲ್ಲ.

ಇನ್ನು ಸ್ಪೀಕರ್‌ಗೆ ಕೊಡೋದು. ಹತ್ತಡಿ ಮೇಲಿರೋ ಮೈಕನ್ನ ಸ್ಪೀಕರ್‌ಗೆ ಕೊಟ್ರೆ ಕುಂಯ್ ಅನ್ನತ್ತೆ, ಅನುಮಾನವೇ ಇಲ್ಲ. ಅಲ್ಲಿ ಮೈಕ್ ಹತ್ರ ಬರ್ಬೇಕು, ಹದಿನೈದು ಇಪ್ಪತ್ತು ಜನಕ್ಕೆ ಒಂದರ ಲೆಕ್ಕ, ಮತ್ತೆ ಪಕ್ಕದ ಮೈಕ್ ಕಮ್ಮಿ ಅಂದ್ರೂ ಹಾಡೋರಿಗೂ ಮೈಕಿಗೂ ಇರೋ ದೂರದ ಮೂರು ಪಟ್ಟು ಆಚೆ ಇರ್ಬೇಕು. ತೆರೆದಿರೋ ಮೈಕ್ ಸಂಖ್ಯೆ ದುಪ್ಪಟ್ಟಾದಾಗೆಲ್ಲ ಕುಂಯ್ ಅನ್ನೋಕೆ ಮುಂಚೆ ಸಿಗೋ ವಾಲ್ಯೂಮಲ್ಲಿ 3 ಡೆಸಿಬೆಲ್ ಹೋಯ್ತು, ಅಂದ್ರೆ ಒಂದರ ಜಾಗದಲ್ಲಿ ಎಂಟು ಇಟ್ರೆ 9 ಡೆಸಿಬೆಲ್ ಖೋತಾ. ಇದನ್ನ ಮೈಕ್‌ಸೆಟ್‌ನವ್ರಿಗೆ ಹೇಳಿದ್ರೆ "ನೀವ್ ಸುಮ್ನಿರಿ ಸಾರ್, ನಾವ್ ನೋಡ್ಕೋತೀವಿ" ಅಂತಾರೆ. ಅವ್ರ ಸಿಸ್ಟಮ್ಮಿಗೆ ನಿಮ್ಮ ಎರಡು ಮೈಕ್ ಕೊಡ್ಲೇಬೇಡಿ, ಅವ್ರದ್ದು ಅವ್ರಿಗೆ, ನಿಮ್ಮ ರೆಕಾರ್ಡಿಂಗ್ ಬೇರೇನೇ ಓಡ್ತಿರ್ಲಿ. ಆಗ್ಲಿಲ್ಲ ಅಂದ್ರೆ ಕಾರ್ಯಕ್ರಮದ ಹಿಂದಿನ ದಿನ ಖಾಲಿ ಹಾಲ್‌ನಲ್ಲಿ, ಸ್ಪೀಕರ್ ಇಲ್ಲದೆ, ರಿಹರ್ಸಲ್ಲನ್ನೇ ರೆಕಾರ್ಡ್ ಮಾಡ್ಕೊಳ್ಳಿ.